ಕಾಲೇಜಿನ ಗೇಟಿನೊಳಗೆ ಬಂದೂಕು: ಬೆಲೆ ತೆರುವವರು ಯಾರು?

(ತಿಪಟೂರಿನಲ್ಲಿ ಪೋಷಕರು, ಉಪನ್ಯಾಸಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವಿಂದು ಚರ್ಚಿಸಲಿರುವ ವಿಷಯ ಮೇಲ್ನೋಟಕ್ಕೆ ನಮ್ಮ ಊರಿನದೆಂದು ಅನಿಸಲಾರದು. ಪರವಾನಗಿ ಪಡೆದ ಪಿಸ್ತೂಲನ್ನು ಉಡುಪಿನೊಳಗೆ ಮರೆಮಾಡಿಕೊಂಡು ಕಾಲೇಜಿಗೆ ಬರಲು ಅನುಮತಿ ನೀಡಬೇಕೇ ಎಂಬುದು ಅಮೆರಿಕದ ಪ್ರಶ್ನೆ, ತೆಂಗಿನ ತೋಟಗಳ ನಡುವೆ ಬದುಕುವ ನಮಗೇಕೆ ಅದರ ಗೊಡವೆ ಎಂದು ಯಾರಾದರೂ ಕೇಳಬಹುದು. ಆದರೆ ಈ ಪ್ರಶ್ನೆ ಮೂರು ದಾರಿಗಳಿಂದ ನಮ್ಮ ಮನೆಬಾಗಿಲಿಗೆ ಬಂದಿದೆ. ಒಂದು, ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಕೊಬ್ಬರಿಯನ್ನು ಮಾರಿ ಮಕ್ಕಳನ್ನು ಬೆಂಗಳೂರಿನ ಹಾಸ್ಟೆಲಿಗೆ, ಅಲ್ಲಿಂದ ಸಾಲ ಮಾಡಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಕಾಲ ಇದು. ಎರಡು, ನಮ್ಮ ರಾಜ್ಯದ ವಿದ್ಯಾಸಂಸ್ಥೆಗಳ ಆವರಣದೊಳಗೆ ಬಂದೂಕು ಈಗಾಗಲೇ ಕಾಲಿಟ್ಟಿದೆ. ಮೂರು, ಕಳೆದ ಕೆಲವು ವರ್ಷಗಳ ಕಹಿಯಿಂದ ನೊಂದ ಯುವಕರಲ್ಲಿ ಕೆಲವರು ‘ನಮಗೂ ಆತ್ಮರಕ್ಷಣೆಗೆ ಲೈಸೆನ್ಸ್ ಬೇಕು’ ಎಂದು ಮಾತನಾಡತೊಡಗಿದ್ದಾರೆ. ಈ ಮೂರನೆಯ ದಾರಿಯೇ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ.

ತೋಟದ ಬಂದೂಕು ಮತ್ತು ಅದರ ಗಡಿ

ನಮ್ಮ ಮಣ್ಣಿನ ಬಂದೂಕಿನಿಂದಲೇ ಆರಂಭಿಸೋಣ. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಅಂಚಿನ ತೋಟಗಳಿಗೆ ಕಾಡುಹಂದಿ, ಕರಡಿ, ಚಿರತೆಗಳ ಕಾಟ ಹೊಸತಲ್ಲ. ಕೋತಿಗಳ ಹಿಂಡು ಎಳೆಯ ಕಾಯಿಗಳನ್ನು ಕಿತ್ತು ಗೊನೆಯನ್ನೇ ಬರಿದು ಮಾಡುತ್ತದೆ. ರೈತನ ಈ ಕಷ್ಟವನ್ನು ಕಾನೂನು ಬಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡುವ ವಿಚಾರವನ್ನು ಪ್ರತ್ಯೇಕವಾಗಿ ಹೇಳುತ್ತದೆ. ಪಿಸ್ತೂಲು, ರಿವಾಲ್ವರ್ ಬೇಕೆನ್ನುವವನು ಮಾತ್ರ ಅದಕ್ಕೆ ಸಮರ್ಪಕ ಕಾರಣವಿದೆಯೆಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಅಂದರೆ ಆಯುಧವನ್ನು ಒಂದು ಉದ್ದೇಶಕ್ಕೆ ಕಟ್ಟಿಹಾಕುವುದು ನಮ್ಮ ಕಾನೂನಿನ ರೀತಿ. ತೋಟಕ್ಕೆ ಬಂದೂಕು ಬೇಕಾದರೆ ಅದು ತೋಟದಲ್ಲಿರಲಿ ಎಂಬುದು ಅದರ ತಾತ್ಪರ್ಯ.

ಪರವಾನಗಿಯ ಜೊತೆಗೆ ಬರುವ ಷರತ್ತುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದಾರೆ? ಜಿಲ್ಲಾ ದಂಡಾಧಿಕಾರಿಗಳ ವಿಶೇಷ ಅನುಮತಿ ಇಲ್ಲದೆ ಆಯುಧವನ್ನು ಜಾತ್ರೆಗಾಗಲಿ, ಧಾರ್ಮಿಕ ಮೆರವಣಿಗೆಗಾಗಲಿ, ಸಾರ್ವಜನಿಕ ಸಭೆಗಾಗಲಿ, ವಿದ್ಯಾಸಂಸ್ಥೆಯ ಆವರಣದೊಳಗಾಗಲಿ ಒಯ್ಯಕೂಡದೆಂದು ಆ ಷರತ್ತು ಸ್ಪಷ್ಟವಾಗಿ ಹೇಳುತ್ತದೆ. ಷರತ್ತು ಮುರಿದವನಿಗೆ ಆರು ತಿಂಗಳವರೆಗಿನ ಸೆರೆವಾಸಕ್ಕೆ ಕಾಯ್ದೆಯ 30ನೇ ಕಲಮಿನಲ್ಲಿ ಅವಕಾಶವಿದೆ. ಜಾತ್ರೆ, ಮೆರವಣಿಗೆ, ಸಭೆ, ಶಾಲೆ, ಇವು ನಾಲ್ಕೂ ಜನ ಒತ್ತೊತ್ತಾಗಿ ಸೇರುವ, ಭಾವನೆಗಳು ಬೇಗನೆ ಉಕ್ಕುವ ತಾಣಗಳು. ಅಲ್ಲಿ ಒಬ್ಬನ ಕ್ಷಣಿಕ ಕೋಪಕ್ಕೆ ಹತ್ತು ಮಂದಿ ಬಲಿಯಾಗಬಲ್ಲರು.

ಇನ್ನೊಂದು ಉದಾಹರಣೆಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಹೊರಡುತ್ತದೆ. ವಿನಾಯಿತಿ ಪಡೆದ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ತಮ್ಮ ಬಂದೂಕನ್ನು ಒಪ್ಪಿಸಿ ರಸೀದಿ ಪಡೆಯುತ್ತಾರೆ. ಆ ರೈತರೆಲ್ಲ ಅಪರಾಧಿಗಳೇ? ಖಂಡಿತ ಅಲ್ಲ. ಹಾಗಿದ್ದರೂ ಸರಕಾರ ಅವರಿಂದ ಬಂದೂಕು ಪಡೆದಿಡುವುದೇಕೆ? ಉದ್ವೇಗದ ದಿನಗಳಲ್ಲಿ ಪರವಾನಗಿ ಕಾಗದವೊಂದೇ ಶಾಂತಿಯನ್ನು ಕಾಯಲಾರದು ಎಂಬ ಅನುಭವದಿಂದ. ಹಾಗಾದರೆ ಕಾಲೇಜಿನ ವಿಚಾರವೇನು? ಅಲ್ಲಿ ವರ್ಷವಿಡೀ ಉದ್ವೇಗದ ದಿನಗಳೇ. ಪರೀಕ್ಷೆ, ಫಲಿತಾಂಶ, ಹಾಜರಾತಿಯ ಕೊರತೆ, ಪ್ರೇಮ, ನಿರಾಕರಣೆ, ಗುಂಪುಗಾರಿಕೆ, ಹಾಸ್ಟೆಲಿನ ಜಗಳ. ಹದಿನೆಂಟರ ಹರೆಯದ ರಕ್ತಕ್ಕೆ ಇವೆಲ್ಲವೂ ಒಟ್ಟಿಗೆ ಎದುರಾಗುವ ಸ್ಥಳ ಅದು.

ನಮ್ಮ ರಾಜ್ಯ ಕಂಡದ್ದು

2015ರ ಮಾರ್ಚ್ 31ರಂದು ಬೆಂಗಳೂರಿನ ಕಾಡುಗೋಡಿಯ ವಸತಿ ಕಾಲೇಜೊಂದರಲ್ಲಿ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಗುಂಡೇಟಿಗೆ ಬಲಿಯಾದಳು. ಮತ್ತೊಬ್ಬ ವಿದ್ಯಾರ್ಥಿನಿ ಗಾಯಗೊಂಡಳು. ಸತ್ತ ಹುಡುಗಿ ನಮ್ಮದೇ ತುಮಕೂರು ಜಿಲ್ಲೆಯ ಪಾವಗಡದವಳು. ಗುಂಡು ಹಾರಿಸಿದ ಆರೋಪದ ಮೇಲೆ ಬಂಧಿತನಾದವನು ಅದೇ ಸಂಸ್ಥೆಯ ಸಿಬ್ಬಂದಿ. ಅವನ ಕೈಯಲ್ಲಿದ್ದುದು ಅಕ್ರಮ ಪಿಸ್ತೂಲು. ‘ನೋಡಿ, ಕಾನೂನು ಇದ್ದೂ ಅಕ್ರಮ ಪಿಸ್ತೂಲು ಒಳಗೆ ಬಂತಲ್ಲ, ಹಾಗಾದರೆ ಕಾನೂನಿನಿಂದ ಏನು ಪ್ರಯೋಜನ?’ ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಸ್ವಲ್ಪ ಮುಂದಕ್ಕೆ ಒಯ್ದು ನೋಡೋಣ. ಇಂದು ಕಾಲೇಜಿನ ಆವರಣದಲ್ಲಿ ಯಾರ ಸೊಂಟದಲ್ಲಿ ಪಿಸ್ತೂಲು ಕಂಡರೂ ಕಾವಲುಗಾರ ತಡೆಯಬಹುದು, ವಾರ್ಡನ್ ಪೊಲೀಸರಿಗೆ ಫೋನ್ ಮಾಡಬಹುದು. ಪಿಸ್ತೂಲು ಇರುವುದೇ ಅಪರಾಧದ ಸೂಚನೆ. ಅನುಮತಿ ಕೊಟ್ಟ ಮರುದಿನದಿಂದ ಆ ಸೂಚನೆ ಅಳಿಸಿಹೋಗುತ್ತದೆ. ಅಕ್ರಮ ಪಿಸ್ತೂಲು ಸಕ್ರಮ ಪಿಸ್ತೂಲುಗಳ ನಡುವೆ ನಿಶ್ಚಿಂತೆಯಿಂದ ಅಡಗಿಕೊಳ್ಳುತ್ತದೆ.

2022ರ ಫೆಬ್ರವರಿಯನ್ನು ನಾವು ಮರೆತಿಲ್ಲ. ಹಿಜಾಬ್ ವಿವಾದದ ಆ ದಿನಗಳಲ್ಲಿ ಹಲವು ಕಾಲೇಜುಗಳ ಅಂಗಳದಲ್ಲಿ ಜೊತೆಗೆ ಓದುವ ಮಕ್ಕಳೇ ಎರಡು ಗುಂಪುಗಳಾಗಿ ಎದುರುಬದುರು ನಿಂತರು. ಘೋಷಣೆಗಳು ಮೊಳಗಿದವು. ಕೆಲವೆಡೆ ಕಲ್ಲುಗಳು ತೂರಿದವು. ಮಂಡ್ಯದ ಕಾಲೇಜೊಂದರಲ್ಲಿ ಒಬ್ಬಳೇ ಹುಡುಗಿಯ ಸುತ್ತ ಗುಂಪು ಕೂಗುತ್ತಾ ಬಂದ ದೃಶ್ಯವನ್ನು ಜಗತ್ತೇ ನೋಡಿತು. ಫೆಬ್ರವರಿ 8ರಂದು ಸರಕಾರ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನಗಳ ರಜೆ ಘೋಷಿಸಿತು. ಆ ಗುಂಪುಗಳಲ್ಲಿ ಇಬ್ಬರ, ಕೇವಲ ಇಬ್ಬರ ಬಳಿ ಪರವಾನಗಿ ಪಡೆದ ಪಿಸ್ತೂಲು ಇದ್ದಿದ್ದರೆ ಏನಾಗುತ್ತಿತ್ತು? ಕಲ್ಲೇಟಿನ ಗಾಯ ವಾರದಲ್ಲಿ ಮಾಗುತ್ತದೆ. ಅಂದು ಒಂದು ಗುಂಡು ಹಾರಿದ್ದರೆ ಅದರ ಸದ್ದು ಈ ರಾಜ್ಯದಲ್ಲಿ ಒಂದು ತಲೆಮಾರಿನವರೆಗೆ ಅಡಗುತ್ತಿರಲಿಲ್ಲ. ಅಂದು ನಮ್ಮ ಮಕ್ಕಳು, ಅವರ ಎದುರು ನಿಂತ ಮಕ್ಕಳು, ಎಲ್ಲರೂ ಜೀವಸಹಿತ ಮನೆಗೆ ಮರಳಿದ್ದರಲ್ಲಿ ಗೇಟಿನ ಹೊರಗೇ ಉಳಿದ ಆಯುಧದ ಪಾತ್ರ ದೊಡ್ಡದು.

ಅದೇ ವರ್ಷದ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಾಲಾ ಆವರಣವೊಂದರಲ್ಲಿ ಬಜರಂಗದಳದ ತರಬೇತಿ ಶಿಬಿರ ನಡೆಯಿತು. ಯುವಕರು ಬಂದೂಕು ಹಿಡಿದು ಗುರಿಯಿಡುವ ಚಿತ್ರಗಳು ಹೊರಬಂದವು. ಅವು ಏರ್‌ಗನ್‌ಗಳು, ಪರವಾನಗಿಯೇ ಬೇಕಿಲ್ಲ ಎಂಬ ಸಮಜಾಯಿಷಿ ಬಂತು. ಏರ್‌ಗನ್ನೋ ನಿಜವಾದ ಬಂದೂಕೋ ಎಂಬುದು ಕಾನೂನಿನ ಚರ್ಚೆ. ಮಕ್ಕಳು ಮಗ್ಗಿ ಕಲಿಯುವ ಅಂಗಳದಲ್ಲಿ ಗುರಿಯಿಡುವುದನ್ನು ಕಲಿಸಬಹುದೇ ಎಂಬುದು ಸಮಾಜದ ಪ್ರಶ್ನೆ. ಈ ಪ್ರಶ್ನೆಯನ್ನು ನಾವು ಇತರರಿಗೆ ಕೇಳುವಾಗ ನಮ್ಮೊಳಗೂ ಕೇಳಿಕೊಳ್ಳಬೇಕು. ಮೆರವಣಿಗೆಯಲ್ಲಿ ತಲವಾರು ಝಳಪಿಸುವವರು, ಆಯುಧ ಹಿಡಿದು ಮೊಬೈಲಿನಲ್ಲಿ ರೀಲ್ಸ್ ಮಾಡುವವರು ನಮ್ಮ ಓಣಿಗಳಲ್ಲೂ ಇಲ್ಲವೇ? ಅವರನ್ನು ಕಂಡು ನಕ್ಕು ಸುಮ್ಮನಾಗುವ ಹಿರಿಯರು ಇಲ್ಲವೇ? ಒಬ್ಬರ ಆಯುಧ ಅನ್ಯಾಯ, ನಮ್ಮ ಆಯುಧ ಶೌರ್ಯ ಎಂಬ ಇಬ್ಬಗೆಯ ನೀತಿ ನ್ಯಾಯದ ಮುಂದೆ ನಿಲ್ಲದು.

ಅಮೆರಿಕ ತೆತ್ತ ಬೆಲೆ

ಇನ್ನು ಅನುಮತಿ ಕೊಟ್ಟು ನೋಡಿದವರ ಅನುಭವವನ್ನು ಪರಿಶೀಲಿಸೋಣ. ಅಮೆರಿಕದ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂದು ಸರಕಾರಿ ವಿಶ್ವವಿದ್ಯಾಲಯಗಳ ಆವರಣಕ್ಕೆ ಮರೆಮಾಡಿದ ಪಿಸ್ತೂಲನ್ನು ಒಂದಲ್ಲ ಒಂದು ರೀತಿಯಲ್ಲಿ ತರಬಹುದು. ನಮ್ಮ ಅನೇಕ ಕನ್ನಡಿಗ ವಿದ್ಯಾರ್ಥಿಗಳಿರುವ ಟೆಕ್ಸಾಸ್‌ನಲ್ಲಿ ಈ ಕಾನೂನು 2016ರ ಆಗಸ್ಟ್ 1ರಂದು ಜಾರಿಗೆ ಬಂತು. ಸರಿಯಾಗಿ 50 ವರ್ಷಗಳ ಹಿಂದೆ, 1966ರ ಆಗಸ್ಟ್ 1ರಂದು, ಅದೇ ರಾಜ್ಯದ ಆಸ್ಟಿನ್ ವಿಶ್ವವಿದ್ಯಾಲಯದ ಗೋಪುರವೇರಿದ ಒಬ್ಬಾತ ಹತ್ತಕ್ಕೂ ಹೆಚ್ಚು ಮಂದಿಯನ್ನು ಗುಂಡಿಟ್ಟು ಕೊಂದಿದ್ದ.

ಮೊದಲ ಬೆಲೆ ಹಣದ್ದು. ಕಾನೂನು ಚರ್ಚೆಯಲ್ಲಿದ್ದಾಗಲೇ, 2015ರಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯಗಳ ಒಕ್ಕೂಟವು ತನ್ನ ಸಂಸ್ಥೆಗಳಿಗೆ ಆರು ವರ್ಷಗಳಲ್ಲಿ ಸುಮಾರು 3 ಕೋಟಿ 90 ಲಕ್ಷ ಡಾಲರ್ ಖರ್ಚು ಬೀಳಬಹುದೆಂದು ಅಂದಾಜಿಸಿತ್ತು. 2014ರಲ್ಲಿ ಇಂಥದೇ ಕಾನೂನು ತಂದ ಇಡಾಹೊ ಎಂಬ ಚಿಕ್ಕ ರಾಜ್ಯದ ಕಾಲೇಜುಗಳು ಹೆಚ್ಚುವರಿ ಭದ್ರತೆಗಾಗಿ ಸುಮಾರು 37 ಲಕ್ಷ ಡಾಲರ್ ಕೇಳಬೇಕಾಯಿತು. ಶಸ್ತ್ರಸಜ್ಜಿತ ಕಾವಲು, ಆಯುಧ ಇಡುವ ಕಪಾಟು, ಸಿಬ್ಬಂದಿಯ ತರಬೇತಿ, ಇವೆಲ್ಲ ಪುಕ್ಕಟೆ ಬರುವುದಿಲ್ಲ. ಇದನ್ನು ನಮ್ಮ ತಾಲೂಕಿನ ಕಾಲೇಜುಗಳಿಗೆ ಹೋಲಿಸಿ ನೋಡಿ. ಗ್ರಂಥಾಲಯಕ್ಕೆ ಪುಸ್ತಕ, ಪ್ರಯೋಗಾಲಯಕ್ಕೆ ಸಾಮಗ್ರಿ, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ, ಅತಿಥಿ ಉಪನ್ಯಾಸಕರಿಗೆ ಸಮಯಕ್ಕೆ ಸಂಬಳ ಎಂದು ಬೇಡಿಕೆಗಳ ಪಟ್ಟಿ ಹಿಡಿದು ನಿಂತಿರುವ ನಾವು, ಬಂದೂಕು ಕಾಯುವುದಕ್ಕೆ ಎಲ್ಲಿಂದ ಹಣ ತರೋಣ?

ಎರಡನೆಯ ಬೆಲೆ ಆಕಸ್ಮಿಕಗಳದ್ದು. ಇಡಾಹೊ ಕಾನೂನು ಜಾರಿಯಾಗಿ ಎರಡು ತಿಂಗಳಾಗಿತ್ತಷ್ಟೆ. 2014ರ ಸೆಪ್ಟೆಂಬರ್ 2ರಂದು ಇಡಾಹೊ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ತರಗತಿಯಲ್ಲಿ ಅಧ್ಯಾಪಕರ ಜೇಬಿನಲ್ಲಿದ್ದ ಪಿಸ್ತೂಲು ತಾನಾಗಿ ಸಿಡಿದು ಅವರ ಪಾದಕ್ಕೇ ಗುಂಡು ಹೊಕ್ಕಿತು. ವಿದ್ಯಾರ್ಥಿಗಳು ಅವರ ಎದುರೇ ಕುಳಿತಿದ್ದರು. ಅವರಿಗೆ ಪರವಾನಗಿ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ, ಟೆಕ್ಸಾಸ್ ಕಾನೂನು ಜಾರಿಯಾದ ಮರುತಿಂಗಳು, ಟಾರ್ಲ್‌ಟನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬನ ಪಿಸ್ತೂಲು ಆಕಸ್ಮಿಕವಾಗಿ ಹಾರಿತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಮಕ್ಕಳ ಪ್ರಾಣವನ್ನು ಅದೃಷ್ಟದ ಕೈಗೆ ಒಪ್ಪಿಸುವ ವ್ಯವಸ್ಥೆಯನ್ನು ಭದ್ರತೆ ಎಂದು ಕರೆಯಲಾದೀತೇ?

ಮೂರನೆಯ ಬೆಲೆ ಕಣ್ಣಿಗೆ ಕಾಣುವುದಿಲ್ಲ. ಅದು ವಿದ್ಯೆಯ ಬೆಲೆ. 2016ರ ಆರಂಭದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಧ್ಯಾಪಕರ ಸಭೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಲಾಯಿತು. ಸೂಕ್ಷ್ಮ ವಿಷಯಗಳನ್ನು ಚರ್ಚಿಸುವಾಗ ಎಚ್ಚರವಿರಲಿ, ಬೇಕಿದ್ದರೆ ಕೆಲವು ವಿಷಯಗಳನ್ನು ಪಾಠದಿಂದಲೇ ಕೈಬಿಡಿ, ವಿದ್ಯಾರ್ಥಿಯ ಮುಖದಲ್ಲಿ ಕೋಪ ಕಂಡರೆ ಮಾತು ಮುಂದುವರಿಸಬೇಡಿ ಎಂಬುದು ಅವುಗಳ ಸಾರ. ಆಸ್ಟಿನ್‌ನಲ್ಲಿ ಪಾಠ ಮಾಡುತ್ತಿದ್ದ ಹೆಸರಾಂತ ಅರ್ಥಶಾಸ್ತ್ರಜ್ಞ ಡೇನಿಯಲ್ ಹ್ಯಾಮರ್‌ಮೆಶ್ ಈ ಕಾನೂನಿನ ಕಾರಣದಿಂದಲೇ ಅಲ್ಲಿ ಮುಂದುವರಿಯುವುದಿಲ್ಲವೆಂದು 2015ರಲ್ಲಿ ತಿಳಿಸಿದರು. ಗುರು ಶಿಷ್ಯನಿಗೆ ‘ನೀನು ಬರೆದದ್ದು ತಪ್ಪು’ ಎಂದು ಹೇಳಲು ಹೆದರುವ ತರಗತಿಯಲ್ಲಿ ಕಲಿಯುವುದಾದರೂ ಏನು? ಧರ್ಮ, ಜಾತಿ, ಇತಿಹಾಸದ ಪಾಠಗಳಲ್ಲಿ ಭಿನ್ನಾಭಿಪ್ರಾಯ ಸಹಜವಾಗಿರುವ ನಮ್ಮ ದೇಶದಲ್ಲಿ ಆ ಭಯ ಮೊದಲು ಮೌನಗೊಳಿಸುವುದು ದುರ್ಬಲರ ಧ್ವನಿಯನ್ನೇ.

ಪರವಾನಗಿ ಸಜ್ಜನಿಕೆಯ ಪ್ರಮಾಣಪತ್ರವೇ?

ಪರವಾನಗಿ ಪಡೆದವನು ಜವಾಬ್ದಾರಿಯುತ ನಾಗರಿಕ, ಅವನಿಂದ ಅಪಾಯವಿಲ್ಲ ಎಂಬುದು ಇನ್ನೊಂದು ವಾದ. 2015ರ ಫೆಬ್ರವರಿ 10ರಂದು ಅಮೆರಿಕದ ಚಾಪೆಲ್ ಹಿಲ್ ಪಟ್ಟಣದಲ್ಲಿ ಮೂವರು ಮುಸ್ಲಿಮ್ ವಿದ್ಯಾರ್ಥಿಗಳನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ದಂತವೈದ್ಯಕೀಯ ಓದುತ್ತಿದ್ದ ಯುವಕ, ಅವನ ನವವಧು, ಆಕೆಯ ತಂಗಿ. ಕೊಂದವನು ನೆರೆಮನೆಯವನು. ಮರೆಮಾಡಿದ ಪಿಸ್ತೂಲು ಒಯ್ಯುವ ಪರವಾನಗಿ ಅವನಲ್ಲಿತ್ತು. ವಾಹನ ನಿಲ್ಲಿಸುವ ಜಾಗದ ಜಗಳವೇ ಕಾರಣವೆಂದು ಆರಂಭದಲ್ಲಿ ಹೇಳಲಾಯಿತು. ಧರ್ಮದ್ವೇಷವೇ ಕಾರಣವೆಂದು ಮೃತರ ಕುಟುಂಬದವರು ಹೇಳುತ್ತಲೇ ಬಂದರು. ಹಿಂದೆಯೂ ಅವನು ಸೊಂಟದ ಬಂದೂಕು ಕಾಣುವಂತೆ ಅವರ ಬಾಗಿಲಿಗೆ ಬಂದಿದ್ದನೆಂದು ತಿಳಿಸಿದರು. 2019ರಲ್ಲಿ ಅವನು ತಪ್ಪೊಪ್ಪಿಕೊಂಡು ಮೂರು ಜೀವಾವಧಿ ಶಿಕ್ಷೆಗೆ ಗುರಿಯಾದ. ಜಗಳದ ಕಾರಣ ಏನೇ ಇರಲಿ, ಆ ಮೂವರು ಮಕ್ಕಳ ತಂದೆತಾಯಿಗೆ ಪರವಾನಗಿ ಎಂಬ ಆ ಕಾಗದದಿಂದ ಸಿಕ್ಕ ರಕ್ಷಣೆ ಏನು?

ಪರವಾನಗಿ ಕೊಡುವ ದಿನ ಅರ್ಜಿದಾರನ ಹಿಂದಿನ ನಡತೆಯನ್ನು ನೋಡಲಾಗುತ್ತದೆ. ಮುಂದಿನ ವರ್ಷದ ಅವನ ಕೋಪ, ಅವನ ದ್ವೇಷ, ಅವನ ಮನೋವ್ಯಾಧಿ ಯಾವ ಅಧಿಕಾರಿಗೂ ಕಾಣುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಬಂದೂಕು ಒಯ್ಯುವ ಪರವಾನಗಿಯನ್ನು ಸಡಿಲಗೊಳಿಸಿದ ರಾಜ್ಯಗಳಲ್ಲಿ ಹತ್ತು ವರ್ಷಗಳ ನಂತರ ಹಿಂಸಾತ್ಮಕ ಅಪರಾಧಗಳು ನಿರೀಕ್ಷಿತ ಪ್ರಮಾಣಕ್ಕಿಂತ ಶೇಕಡ 13ರಿಂದ 15ರಷ್ಟು ಹೆಚ್ಚಾಗಿದ್ದವೆಂದು ಅಂದಾಜಿಸಿದೆ. ಮೇಲಾಗಿ ನಮ್ಮ ಸಮಾಜದಲ್ಲಿ ಪಿಸ್ತೂಲಿನ ಲೈಸೆನ್ಸ್ ಯಾರಿಗೆ ಸುಲಭ? ಹಣ ಮತ್ತು ಪ್ರಭಾವ ಇದ್ದವರಿಗೆ. ಕಾಯಿ ಸುಲಿಯುವವನ ಮಗನೂ ಎಳನೀರು ಲೋಡ್ ಮಾಡುವವನ ಮಗಳೂ ಬರಿಗೈಯಲ್ಲೇ ಕಾಲೇಜಿಗೆ ಹೋಗಬೇಕು. ಒಂದೇ ಬೆಂಚಿನಲ್ಲಿ ಒಬ್ಬನ ಸೊಂಟದಲ್ಲಿ ಪಿಸ್ತೂಲು, ಇನ್ನೊಬ್ಬನ ಎದೆಯಲ್ಲಿ ಭಯ.

ಒಳ್ಳೆಯವನ ಕೈಯ ಬಂದೂಕು

ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ನಾವು ಪ್ರಾಮಾಣಿಕವಾಗಿ ಆಲಿಸಬೇಕು. ದುಷ್ಟನೊಬ್ಬ ನುಗ್ಗಿದಾಗ ಒಳ್ಳೆಯವನ ಕೈಯಲ್ಲಿ ಬಂದೂಕಿದ್ದರೆ ಪ್ರಾಣ ಉಳಿಯುವುದಿಲ್ಲವೇ ಎಂಬುದು ಆ ವಾದ. 2016ರ ಜನವರಿ 20ರಂದು ಪಾಕಿಸ್ತಾನದ ಚಾರ್‌ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯಕ್ಕೆ ಭಯೋತ್ಪಾದಕರು ನುಗ್ಗಿದಾಗ ರಸಾಯನಶಾಸ್ತ್ರದ ಅಧ್ಯಾಪಕ ಸೈಯದ್ ಹಾಮಿದ್ ಹುಸೈನ್ ತಮ್ಮ ಪಿಸ್ತೂಲಿನಿಂದ ಗುಂಡು ಹಾರಿಸುತ್ತಾ ವಿದ್ಯಾರ್ಥಿಗಳಿಗೆ ತಪ್ಪಿಸಿಕೊಳ್ಳಲು ಅವಕಾಶ ಮಾಡಿಕೊಟ್ಟು ಹುತಾತ್ಮರಾದರು. ಆ ಧೀರ ಗುರುವಿಗೆ ನಾವು ತಲೆಬಾಗುತ್ತೇವೆ. ಆದರೆ ಅದೇ ಪ್ರಾಂತದ ಪೂರ್ಣ ಲೆಕ್ಕವನ್ನೂ ನೋಡಬೇಕು. 2014ರ ಡಿಸೆಂಬರ್‌ನ ಪೇಶಾವರ ಶಾಲಾ ಹತ್ಯಾಕಾಂಡದ ನಂತರ ಅಲ್ಲಿ ಶಿಕ್ಷಕರಿಗೆ ಆಯುಧ ತರುವ ಅನುಮತಿ ನೀಡಲಾಯಿತು. 2015ರಲ್ಲಿ ಸ್ವಾತ್ ಕಣಿವೆಯ ಮಿಂಗೋರದ ಶಾಲೆಯೊಂದರಲ್ಲಿ ಶಿಕ್ಷಕರ ಬಂದೂಕು ಆಕಸ್ಮಿಕವಾಗಿ ಹಾರಿ ಎಳೆಯ ವಿದ್ಯಾರ್ಥಿಯೊಬ್ಬ ಸತ್ತ. ಭಯೋತ್ಪಾದಕರು ವರ್ಷಗಳಿಗೊಮ್ಮೆ ಬರಬಹುದು, ಬರದೆಯೂ ಇರಬಹುದು. ಬಂದೂಕು ಮಾತ್ರ ಪ್ರತಿದಿನ ಶಾಲೆಗೆ ಬರುತ್ತದೆ.

ಅಮೆರಿಕದ ಓರೆಗಾನ್ ರಾಜ್ಯದ ಅಂಪ್‌ಕ್ವಾ ಕಾಲೇಜಿನಲ್ಲಿ 2015ರ ಅಕ್ಟೋಬರ್ 1ರಂದು ಒಂಬತ್ತು ಮಂದಿಯ ಹತ್ಯೆಯಾದಾಗ, ಸೈನಿಕ ಸೇವೆಯ ಅನುಭವವಿದ್ದ ವಿದ್ಯಾರ್ಥಿಯೊಬ್ಬ ಪರವಾನಗಿ ಪಿಸ್ತೂಲಿನೊಂದಿಗೆ ಅದೇ ಆವರಣದಲ್ಲಿದ್ದ. ಧಾವಿಸಿ ಬರುವ ಪೊಲೀಸರು ತನ್ನನ್ನೇ ಹಂತಕನೆಂದು ಭಾವಿಸಬಹುದೆಂದು ಅವನು ಮುನ್ನುಗ್ಗಲಿಲ್ಲ. ಅವನ ವಿವೇಕ ಸರಿಯಾಗಿತ್ತು. ಈಗ ‘ನಮಗೂ ಲೈಸೆನ್ಸ್ ಬೇಕು’ ಎನ್ನುವ ನಮ್ಮ ಯುವಕರು ಈ ಪ್ರಸಂಗವನ್ನು ತಮಗೆ ಅನ್ವಯಿಸಿಕೊಳ್ಳಲಿ. ಗದ್ದಲ, ಹೊಗೆ, ಓಡಾಟದ ನಡುವೆ ಪಿಸ್ತೂಲು ಹಿಡಿದು ನಿಂತ ಮುಸ್ಲಿಮ್ ಯುವಕನನ್ನು ರಕ್ಷಕನೆಂದು ಗುರುತಿಸುವವರು ಎಷ್ಟು ಮಂದಿ? ಅವನು ತನ್ನ ಪರವಾನಗಿ ತೋರಿಸುವಷ್ಟರಲ್ಲಿ ಮುಂದಿನ ವಾರ್ತೆ ಸಿದ್ಧವಾಗಿರುತ್ತದೆ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿ ಶಾಲೆಗೆ 376 ಮಂದಿ ಶಸ್ತ್ರಸಜ್ಜಿತ ಅಧಿಕಾರಿಗಳು ಬಂದು ಸೇರಿದ್ದರು. ಒಬ್ಬ ಹಂತಕನನ್ನು ಎದುರಿಸಲು ಅವರಿಗೆ 77 ನಿಮಿಷ ಬೇಕಾಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ತರಬೇತಿ ಪಡೆದ ಅಷ್ಟು ಮಂದಿಗೆ ಆಗದ್ದು, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ದ್ವಿತೀಯ ಬಿಎ ವಿದ್ಯಾರ್ಥಿಯಿಂದ ಆದೀತೇ?

ಮೌನವಾಗಿ ಕೊಲ್ಲುವ ಅಪಾಯ

ದಾಳಿಗಳ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಆದರೆ ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ದಿನಕ್ಕೆ 35ಕ್ಕೂ ಹೆಚ್ಚು ಮನೆಗಳ ದೀಪ ಆರಿತು. ವೈದ್ಯರು ಹೇಳುವ ಒಂದು ಮಾತನ್ನು ಪೋಷಕರು ಗಮನಿಸಬೇಕು. ಸಾಯಬೇಕೆಂಬ ತೀವ್ರ ಆವೇಗ ಹೆಚ್ಚಾಗಿ ಕೆಲವು ನಿಮಿಷ, ಕೆಲವು ಗಂಟೆಗಳದ್ದು. ಅದು ದಾಟಿದರೆ ಮಗು ಬದುಕುತ್ತದೆ. ಬಂದೂಕು ಆ ನಿಮಿಷಗಳನ್ನೇ ಕಸಿದುಕೊಳ್ಳುತ್ತದೆ. ಅದನ್ನು ಬಳಸಿದವರಲ್ಲಿ ಹತ್ತಕ್ಕೆ ಎಂಟು-ಒಂಬತ್ತು ಮಂದಿ ಮರಳಿ ಬರುವುದಿಲ್ಲ. ಫಲಿತಾಂಶದ ದಿನ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕುಳಿತ ಹುಡುಗನ ಜೊತೆಗಾರನ ಟ್ರಂಕಿನಲ್ಲಿ ಪಿಸ್ತೂಲು ಇರುವುದನ್ನು ಯಾವ ತಾಯಿ ಒಪ್ಪಿಯಾಳು?

ಭಾರ ಹೊರಬೇಕಾದವನು ಯಾರು?

ಸಹೋದರ ಸಹೋದರಿಯರೇ, ಈ ಎಲ್ಲ ಬೆಲೆಗಳನ್ನು ಕೂಡಿಸಿ ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಬಂದೂಕು ತಂದವನು ಈ ಬೆಲೆ ತೆರುವುದಿಲ್ಲ. ಶುಲ್ಕ ಕಟ್ಟುವ ಪೋಷಕ, ಹೆದರಿ ಪಾಠ ಮಾಡುವ ಗುರು, ಪಕ್ಕದ ಬೆಂಚಿನ ಬರಿಗೈ ವಿದ್ಯಾರ್ಥಿ, ಎಲ್ಲಕ್ಕಿಂತ ಮೊದಲು ನಮ್ಮ ಹೆಣ್ಣುಮಕ್ಕಳು ತೆರುತ್ತಾರೆ. ಬಸ್ಸಿನ ಕಿರಿಕಿರಿಗೇ ಮಗಳನ್ನು ಕಾಲೇಜು ಬಿಡಿಸುವ ಮನೆಗಳು ನಮ್ಮಲ್ಲಿರುವಾಗ, ಗೇಟಿನೊಳಗೆ ಪಿಸ್ತೂಲು ಇದೆಯೆಂದರೆ ಯಾವ ತಂದೆ ಅವಳನ್ನು ಕಳುಹಿಸುತ್ತಾನೆ? ಕಷ್ಟಪಟ್ಟು ತೆರೆದ ಬಾಗಿಲು ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ.

ಆಯುಧ ಬದುಕಿನ ಭಾಗವೇ ಆಗಿದ್ದ ಕಾಲದಲ್ಲಿ ಪ್ರವಾದಿ ಮುಹಮ್ಮದ್(ಸ)ರು ಈ ವಿಚಾರದಲ್ಲಿ ತೋರಿದ ನ್ಯಾಯಪ್ರಜ್ಞೆ ಗಮನಾರ್ಹ. ಬಾಣಗಳೊಂದಿಗೆ ಮಸೀದಿ ಅಥವಾ ಪೇಟೆಯಲ್ಲಿ ಹಾದುಹೋಗುವವನು, ಯಾರಿಗೂ ಗಾಯವಾಗದಂತೆ ಅವುಗಳ ಮೊನೆಯನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಅವರು ಆದೇಶಿಸಿದರು. ಒರೆಯಿಂದ ಹೊರತೆಗೆದ ಖಡ್ಗವನ್ನು ಕೈಯಿಂದ ಕೈಗೆ ದಾಟಿಸುವುದನ್ನೂ ಸಹೋದರನ ಕಡೆಗೆ ಆಯುಧ ತೋರುವುದನ್ನೂ ನಿಷೇಧಿಸಿದರು. ಇಲ್ಲಿ ಎಚ್ಚರಿಕೆಯ ಭಾರವೆಲ್ಲ ಆಯುಧ ಹಿಡಿದವನ ಮೇಲಿದೆ. ಮೊನೆ ತಗುಲಿದರೆ ಮೊದಲು ಅವನ ಕೈಗೇ ತಗುಲಲಿ, ದಾರಿಹೋಕನಿಗೆ ಬೇಡ. ನಮ್ಮ ದೇಶದ ಪರವಾನಗಿ ಷರತ್ತಿನ ತರ್ಕವೂ ಇದೇ. ಕಾಲೇಜಿನೊಳಗೆ ಪಿಸ್ತೂಲು ಬಿಡುವ ಕಾನೂನು ಈ ನ್ಯಾಯವನ್ನು ತಲೆಕೆಳಗು ಮಾಡುತ್ತದೆ. ಆಯುಧವುಳ್ಳವನು ನಿಶ್ಚಿಂತ, ಇಲ್ಲದವನು ಸದಾ ಎಚ್ಚರದಿಂದಿರಬೇಕು.

ನಾವು ಮಾಡಬೇಕಾದದ್ದು

ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಭಯಕ್ಕೆ ಪರಿಹಾರ ಬೇರೆಡೆ ಇದೆ. ಮೊದಲನೆಯದಾಗಿ, ತೋಟಕ್ಕಾಗಿ ಬಂದೂಕು ಇಟ್ಟುಕೊಂಡಿರುವ ಮನೆಗಳಲ್ಲಿ ಅದು ಬೀಗದೊಳಗಿರಲಿ, ಮದ್ದುಗುಂಡು ಬೇರೆ ಕಡೆ ಇರಲಿ, ಬೀಗದ ಕೈ ಮಕ್ಕಳಿಗೆ ಸಿಗದಿರಲಿ. ಎರಡನೆಯದಾಗಿ, ನಾಡ ಪಿಸ್ತೂಲಿನ ಆಸೆಯಲ್ಲಿರುವ ಯುವಕನಿಗೆ ತಿಳಿಹೇಳಿ. ಪರವಾನಗಿ ಇಲ್ಲದ ಬಂದೂಕಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷಗಳ ಸೆರೆವಾಸವಿದೆ. ಒಂದು ರೀಲ್ಸ್‌ಗಾಗಿ ಅವನು ತನ್ನ ಬದುಕನ್ನೇ ಒತ್ತೆಯಿಡುತ್ತಿದ್ದಾನೆ. ಮೂರನೆಯದಾಗಿ, ಕಾಲೇಜಿನ ಪೋಷಕರ ಸಭೆಗಳಿಗೆ ತಪ್ಪದೆ ಹೋಗಿ. ರ‍್ಯಾಗಿಂಗ್ ವಿರೋಧಿ ಸಮಿತಿ, ಮಹಿಳೆಯರ ದೂರು ಆಲಿಸುವ ಆಂತರಿಕ ಸಮಿತಿ ಕೆಲಸ ಮಾಡುತ್ತಿವೆಯೇ ಎಂದು ಕೇಳಿ. ರಾತ್ರಿ ದೀಪ, ಜವಾಬ್ದಾರಿಯುತ ವಾರ್ಡನ್, ಸಮಯಕ್ಕೆ ಬಸ್ಸು, ಇವು ಪಿಸ್ತೂಲಿಗಿಂತ ಹೆಚ್ಚು ಪ್ರಾಣ ಕಾಯುತ್ತವೆ. ನಾಲ್ಕನೆಯದಾಗಿ, ಮನನೊಂದ ಮಗುವನ್ನು ಗದರಿಸಬೇಡಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಐದನೆಯದಾಗಿ, ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸುವವರು ಶುಲ್ಕ, ರ‍್ಯಾಂಕಿಂಗ್ ವಿಚಾರಿಸುವಂತೆ, ಆ ರಾಜ್ಯದಲ್ಲಿ ಕಾಲೇಜಿನೊಳಗೆ ಬಂದೂಕಿಗೆ ಅನುಮತಿ ಇದೆಯೇ ಎಂಬುದನ್ನೂ ವಿಚಾರಿಸಿ.

ಕೊನೆಯದಾಗಿ, ಯಾವುದೇ ಸಂಘಟನೆ, ಅದು ಯಾರದ್ದೇ ಆಗಿರಲಿ, ಶಾಲೆಯ ಅಂಗಳವನ್ನು ಆಯುಧ ತರಬೇತಿಗೆ ಕೇಳಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಬೇಡವೆನ್ನಬೇಕು. ಕೊಬ್ಬರಿಯ ಹರಾಜಿನಲ್ಲಿ ಬೆಳೆದವನೂ ಕೊಳ್ಳುವವನೂ ಮೂಟೆ ಹೊರುವವನೂ ಬೇರೆ ಬೇರೆ ಧರ್ಮದವರು. ಆದರೂ ಒಂದೇ ತಕ್ಕಡಿಯನ್ನು ನಂಬಿ ತಲೆಮಾರುಗಳಿಂದ ವ್ಯವಹರಿಸಿದ್ದೇವೆ. ಆ ನಂಬಿಕೆ ನಮ್ಮ ಕಾಲೇಜುಗಳಲ್ಲೂ ಉಳಿಯಲಿ. ಪರವಾನಗಿಯ ಆ ಒಂದು ಷರತ್ತು, ವಿದ್ಯಾಸಂಸ್ಥೆಯ ಆವರಣದೊಳಗೆ ಆಯುಧ ಬರಕೂಡದೆಂಬ ಷರತ್ತು, ಎಂದೂ ಸಡಿಲವಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.